ಸರ್ವರ್ ಎಬ್ಬಿಸುವ ಕೈ

ಕಾಕಂಬಿಯ ವಾಸನೆ ಬಂದರೆ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೆಲವರಿಗೆ ವಾಕರಿಕೆ ಬರುತ್ತದೆ. ನನಗೆ ಹೊಟ್ಟೆಕಿಚ್ಚು ಬರುತ್ತದೆ. ಹೋದ ತಿಂಗಳು ಜಮಖಂಡಿಯಿಂದ ಮುಧೋಳಕ್ಕೆ ಹೋಗುವಾಗಲೂ ಹಾಗೇ ಆಯಿತು. ಕಬ್ಬಿನ ಟ್ರ್ಯಾಕ್ಟರೊಂದು ದಾರಿಗೆ ಅಡ್ಡ ನಿಂತು ನಮ್ಮ ಬಸ್ಸು ಸಕ್ಕರೆ ಕಾರ್ಖಾನೆಯ ಗೇಟಿನೆದುರೇ ನಿಂತುಬಿಟ್ಟಿತು. ಕಿಟಕಿಯಿಂದ ಆ ಹುಳಿಸಿಹಿ ವಾಸನೆ ನುಗ್ಗಿತು. ಪಕ್ಕದಲ್ಲಿದ್ದ ಮುದುಕಿ ಸೆರಗು ಮೂಗಿಗಿಟ್ಟುಕೊಂಡಳು. ನಾನು ಕತ್ತು ಚಾಚಿ, ಕಬ್ಬಿನ ಆಫೀಸಿನ ಮೂಲೆಯ ಕೋಣೆ ಇನ್ನೂ ಇದೆಯೇ ಎಂದು ನೋಡಿದೆ. ಇತ್ತು. ಬಣ್ಣ ಮಾತ್ರ ಬೇರೆಯಾಗಿತ್ತು. ಆ ಕೋಣೆಯಲ್ಲಿ ನಾನು ಕೂಡಬೇಕಾದ ಕುರ್ಚಿಯಲ್ಲಿ ಒಂದು ಕಬ್ಬಿನ ಹಂಗಾಮಿನಲ್ಲಿ ವಾಸಂತಿ ಕೂತಿದ್ದಳು.

ಈಗ ನನಗೇನೂ ಕಡಿಮೆಯಾಗಿಲ್ಲ. ಜಮಖಂಡಿಯಲ್ಲಿ ನನ್ನದೇ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಬೀಳಗಿ, ಬನಹಟ್ಟಿ ಕಡೆಯಿಂದ ಜನ ಸತ್ತ ಹಾರ್ಡ್ ಡಿಸ್ಕುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬರುತ್ತಾರೆ, ಎಷ್ಟೋ ಸಲ ಬದುಕಿಸಿ ಕಳಿಸಿದ್ದೇನೆ. ಹೊಟ್ಟೆಕಿಚ್ಚಿಗೆ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ ಎಂದು ಆ ದಿನ ಬಸ್ಸಿನಲ್ಲಿ ಕೂತು ತಿಳಿದುಕೊಂಡೆ.

ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಗಾರರು ಎರಡು ಥರ. ಖಾಯಂನವರು, ಹಂಗಾಮಿನವರು. ಖಾಯಂನವರಿಗೆ ವರ್ಷವಿಡೀ ಕೆಲಸ. ಹಂಗಾಮಿನವರನ್ನು ದಸರೆಯ ಆಚೀಚೆ ಕರೆಸಿಕೊಳ್ಳುತ್ತಾರೆ, ಬೇಸಿಗೆಯಲ್ಲಿ ಕಬ್ಬು ಮುಗಿದ ದಿನ ಮನೆಗೆ ಕಳಿಸುತ್ತಾರೆ. ನಾನು ಹಂಗಾಮಿನವಳು. ಉಳಿದ ಅರ್ಧ ವರ್ಷ ಜಮಖಂಡಿಯ ಮನೆಯಲ್ಲಿ ವೈನಿಯ ಕಣ್ಣೆದುರು ಕೂತಿರಬೇಕು. ಅಣ್ಣನ ಹೆಂಡತಿ ಕೆಟ್ಟವಳೇನಲ್ಲ, ಆದರೆ ನಾನು ಮನೆಯಲ್ಲಿರುವ ದಿನಗಳಲ್ಲಿ ಅವಳು ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು. ಮೃಗಶಿರಾ ಮಳೆ ಬೀಳುವಾಗಲೇ ಶುರು ಮಾಡುವಳು, "ಸುವರ್ಣಾ, ನಿಮ್ಮ ಫ್ಯಾಕ್ಟರಿ ಇನ್ನಾ ಸುರು ಆಗಿಲ್ಲೇನ?" ಮಳೆಗಾಲದಲ್ಲಿ ಕಾರ್ಖಾನೆ ಎಲ್ಲಿ ಶುರುವಾಗುತ್ತದೆ ಎಂಬುದು ಅವಳಿಗೆ ಗೊತ್ತಿರದೆ ಇರಲಿಲ್ಲ.

ಹೀಗಾಗಿ ಖಾಯಂ ಎಂಬ ಎರಡಕ್ಷರ ಕೇಳಿದರೆ ನನ್ನ ಕಿವಿ ನಿಮಿರುತ್ತಿತ್ತು. ಹಿಂದಿನ ಹಂಗಾಮಿನ ಕೊನೆಗೆ ಕಬ್ಬಿನ ವಿಭಾಗದ ನಾಡಗೌಡ ಸಾಹೇಬರು ನನ್ನೆದುರೇ ಹೇಳಿದ್ದರು. "ಮುಂದಿನ ವರ್ಷ ಸರ್ವರ್ ನೋಡಿಕೊಳ್ಳಾಕ ಒಬ್ರನ್ನ ಖಾಯಂ ಮಾಡೂದೈತಿ." ಆಗ ಸರ್ವರ್ ನೋಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಆ ಒಬ್ಬರು ಯಾರು ಎಂದು ಕೇಳುವ ಅಗತ್ಯವೇ ನನಗೆ ಕಾಣಲಿಲ್ಲ.

ಫೈಲ್ ಸರ್ವರ್ ಎಂದರೆ ಈಗಿನವರು ಏನೇನೋ ಊಹಿಸಿಕೊಳ್ಳಬಹುದು. ನಮ್ಮದು ಮೊಣಕಾಲೆತ್ತರದ ಒಂದು ದಪ್ಪ ಡಬ್ಬಿ. ಮೌಸಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೊಂದು ಮಿಣುಕುವ ಗೆರೆ. ಯಾವ ರೈತನ ಕಬ್ಬನ್ನು ಯಾವಾಗ ಕಡಿಯಬೇಕು, ಯಾರ ಪಾಳಿಯ ನಂತರ ಯಾರ ಪಾಳಿ ಎಂಬುದೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿತ್ತು. ಪಾಳಿಯ ಚೀಟಿ ಕೊಡುವ ಕಿಟಕಿ, ತೂಕದ ಕಾಟಾ, ಹೊಲಕ್ಕೆ ಹೋಗಿ ಚೀಟಿ ಮುಟ್ಟಿಸುವ ಸ್ಲಿಪ್ ಬಾಯ್ ಎಲ್ಲರೂ ಅದನ್ನೇ ನಂಬಿಕೊಂಡವರು. ಅದು ಮಲಗಿತೆಂದರೆ ಗೇಟಿನ ಹೊರಗೆ ಗಾಡಿಗಳು ಸಾಲುಗಟ್ಟುತ್ತಿದ್ದವು, ಎತ್ತುಗಳ ಕೊರಳ ಗಂಟೆಗಿಂತ ಗಾಡಿಯವರ ಬೈಗುಳವೇ ಜೋರಾಗಿ ಕೇಳುತ್ತಿತ್ತು.

ಅದಕ್ಕೊಂದು ಸ್ವಭಾವವಿತ್ತು. ಕರೆಂಟು ಹೋಗಿ ಬಂದರೆ, ತನ್ನ ಹೊಟ್ಟೆಯೊಳಗೇ ಒಂದು ಹಾರ್ಡ್ ಡಿಸ್ಕ್ ಇದೆ ಎಂಬುದೇ ಅದಕ್ಕೆ ಮರೆತುಹೋಗುವುದು. ನೆನಪು ಮಾಡಿಕೊಡುವುದು ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮಿನ ಕೆಲಸ. ಡ್ರೈವರ್‌ನ ಹೆಸರು, ಡಿಸ್ಕಿನ ಕಾರ್ಡು ಕೂತ ವಿಳಾಸ, ಅದು ಮಷೀನನ್ನು ಕೂಗಿ ಕರೆಯುವ ಇಂಟರಪ್ಟ್ ನಂಬರು, ಇಷ್ಟನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡಿ ಒತ್ತಬೇಕು. ಒಂದಕ್ಷರ ತಪ್ಪಿದರೂ ಡಿಸ್ಕೇ ಇಲ್ಲ ಎಂದು ಹಟ ಹಿಡಿಯುವುದು. ಪ್ರತಿ ಸಲ ಟೈಪ್ ಮಾಡುವ ಗೋಳು ಬೇಡವೆಂದರೆ, ಮಷೀನು ಏಳುವಾಗ ಮೊದಲು ಓದುವ ಫೈಲಿನಲ್ಲಿ ಆ ಸಾಲನ್ನು ಬರೆದಿಟ್ಟರಾಯಿತು. ಆಮೇಲೆ ಯಾರ ಹಂಗೂ ಇಲ್ಲ, ತಾನೇ ಏಳುತ್ತದೆ. ಹಳೆಯ ಡಿಸ್ಕಿಗೆ ನಾನು ಬರೆದಿಟ್ಟಿದ್ದೆ. ಹಿಂದಿನ ಹಂಗಾಮಿನಲ್ಲಿ ಎಷ್ಟು ಸಲ ಕರೆಂಟು ಹೋದರೂ ಸರ್ವರ್ ತಾನೇ ಎದ್ದು ಕೂಡುತ್ತಿತ್ತು. ಅದಕ್ಕೇ ನಾನು ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ.

ವಾಸಂತಿ ಬಂದ ವರ್ಷ ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಹೊಲಗಳಿಗೆ ಏರಿತ್ತು. ಅನಗವಾಡಿ ಸುತ್ತಲಿನ ರೈತರಲ್ಲಿ ಕೆಲವರ ಕಬ್ಬಿನ ಭೂಮಿ ನೀರಿನ ಕೆಳಗಾಯಿತು. ಅವರು ಎತ್ತರದ ಕಡೆ ಬೇರೆ ಹೊಲ ಹಿಡಿದು, ಹೊಸ ನಂಬರು ಬರೆಸಲು ಆಫೀಸಿಗೆ ಬಂದರು. "ಹಳೇ ನಂಬರ ಅಳಸಬ್ಯಾಡ ತಂಗಿ, ನೀರ ಕೆಳಗ ಇದ್ರೂ ಅದು ನಮ್ದ" ಎನ್ನುವವರೇ ಎಲ್ಲರೂ. ಹಳೆಯದೂ ಉಳಿಯಿತು, ಹೊಸದೂ ಸೇರಿತು. ಡಿಸ್ಕು ತುಂಬಿಹೋಯಿತು. ಹೊಸ ದೊಡ್ಡ ಡಿಸ್ಕು, ಅದಕ್ಕೊಂದು ಹೊಸ ಕಾರ್ಡು ತರಿಸುವುದೆಂದಾಯಿತು. ಕೆಲಸ ಹೆಚ್ಚಾಗುತ್ತದೆ ಎಂದು ಇನ್ನೊಬ್ಬಳು ಹುಡುಗಿಯನ್ನೂ ತೆಗೆದುಕೊಂಡರು.

ಡಿಸ್ಕು ಬಂದ ವಾರವೇ ನಾನು ಅವ್ವನ ಕಣ್ಣಿನ ಆಪರೇಷನ್ನಿಗೆಂದು ಮಿರಜದಲ್ಲಿದ್ದೆ. ನನ್ನ ಹಣೆಬರಹ ನೋಡಿ. ವರ್ಷವೆಲ್ಲ ಬಾರದ ಡಿಸ್ಕು ಆ ವಾರವೇ ಬರಬೇಕೆ? ಅವ್ವನ ಕಣ್ಣ ಪಟ್ಟಿ ಬಿಚ್ಚಿಸಿ, ಅವಳಿಗೆ ಕಪ್ಪು ಕನ್ನಡಕ ಹಾಕಿಸಿ, ಮನೆಗೆ ಬಿಟ್ಟು, ಕಾರ್ಖಾನೆಗೆ ಓಡಿ ಬಂದರೆ ಮೂಲೆಯ ಕೋಣೆಯ ನನ್ನ ಕುರ್ಚಿಯಲ್ಲಿ ನೀಲಿ ಸೀರೆಯ ಹುಡುಗಿಯೊಬ್ಬಳು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಅಕ್ಕಾರ, ಅವ್ವಾರ ಕಣ್ಣ ಆರಾಮ ಆದುವೇನ್ರಿ?" ಅಂದಳು. ಗುರುತಿಲ್ಲದವಳಿಗೆ ನನ್ನ ಅವ್ವನ ಕಣ್ಣಿನ ಉಸಾಬರಿ ಯಾಕೆ ಎಂದು ನನಗೆ ಮೊದಲ ಮಾತಿಗೇ ಸಿಟ್ಟು ಬಂತು.

ವಾಸಂತಿ ರಬಕವಿಯ ನೇಕಾರರ ಮನೆಯವಳು. ನಾನಿಲ್ಲದಾಗ ಏನೇನು ನಡೆಯಿತೆಂಬುದನ್ನು ಆಫೀಸಿನವರೆಲ್ಲ ಸರದಿಯ ಮೇಲೆ ನನಗೆ ವರ್ಣಿಸಿದರು. ಹುಬ್ಬಳ್ಳಿಯಿಂದ ಬಂದ ಎಂಜಿನಿಯರು ಹೊಸ ಕಾರ್ಡು ಹಾಕಿ ಬೆಳಗಿನಿಂದ ಒದ್ದಾಡಿದರಂತೆ. ಡಿಸ್ಕು ಕಂಡರೆ ನೆಟ್‌ವರ್ಕ್ ಸಾಯುವುದು, ನೆಟ್‌ವರ್ಕ್ ಬಂದರೆ ಡಿಸ್ಕು ಕಾಣೆಯಾಗುವುದು. ಎರಡೂ ಕಾರ್ಡುಗಳಿಗೆ ಒಂದೇ ಇಂಟರಪ್ಟ್ ನಂಬರು ಬಿದ್ದಿತ್ತು. ಒಂದೇ ಕರೆಗಂಟೆಯನ್ನು ಎರಡು ಮನೆಯವರು ಒತ್ತಿದರೆ ಬಾಗಿಲು ತೆಗೆಯುವವರಿಗೆ ಯಾರು ಬಂದರೆಂದು ತಿಳಿಯದಲ್ಲ, ಹಾಗೆ. ಕಾರ್ಡಿನ ಮೇಲಿನ ಜಂಪರ್ ಎಂಬ ಸಣ್ಣ ಟೊಪ್ಪಿಗೆಯನ್ನು ಒಂದು ಸೂಜಿಯಿಂದ ಪಕ್ಕದ ಸೂಜಿಗೆ ಬದಲಿಸಬೇಕು. ಎಂಜಿನಿಯರ ಬೆರಳು ಅಲ್ಲಿ ತೂರಲಿಲ್ಲ. ವಾಸಂತಿ ತನ್ನ ಪರ್ಸಿನಿಂದ, ಮಗ್ಗದಲ್ಲಿ ಹರಿದ ಎಳೆ ಎತ್ತುವ ಚಿಮಟ ತೆಗೆದು ಅದನ್ನು ಬದಲಿಸಿ, ಹೊಸ ನಂಬರಿನ ಸಾಲು ಟೈಪ್ ಮಾಡಿ ಒತ್ತಿದಳು. ಡಿಸ್ಕು ಬಂತು, ನೆಟ್‌ವರ್ಕೂ ಬಂತು. ನಾಡಗೌಡ ಸಾಹೇಬರು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ನನಗೆ ಸಾಹೇಬರ ಚಪ್ಪಾಳೆ ಹೇಗಿರುತ್ತದೆಂಬುದೇ ಗೊತ್ತಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಸಾಹೇಬರು ಒಂದು ಮಾತಂದುಬಿಟ್ಟಿದ್ದರು. "ಈ ಹುಡಿಗಿ ಕೈಗುಣ ಛಲೋ ಐತಿ."

ನಮ್ಮ ಕಡೆ ಕೈಗುಣವೆಂದರೆ ಸಣ್ಣ ಮಾತಲ್ಲ. ಬಿತ್ತಿಗೆಯ ಮೊದಲ ಹಿಡಿ ಯಾರ ಕೈಯಿಂದ ಬೀಳಬೇಕು, ಅಂಗಡಿಯ ಬೋಣಿಗೆ ಯಾರು ಮಾಡಬೇಕು, ಈಯಲು ಕಷ್ಟಪಡುವ ಎಮ್ಮೆಯ ಬೆನ್ನು ಯಾರು ಸವರಬೇಕು ಎಂಬುದಕ್ಕೆಲ್ಲ ಒಂದೊಂದು ಊರಿನಲ್ಲಿ ಒಂದೊಂದು ಕೈ ಗೊತ್ತಾಗಿರುತ್ತದೆ. ಆ ಕೈಯವರು ಊರಲ್ಲಿಲ್ಲದಿದ್ದರೆ ಕೆಲಸವನ್ನೇ ಮುಂದೆ ಹಾಕುವವರಿದ್ದಾರೆ. ಇನ್ನು ಆ ಸಾಲಿಗೆ ಸರ್ವರ್ ಕೂಡ ಸೇರಿತು. ಬಾಯ್ಲರ್ ಹೊತ್ತಿಸುವ ಪೂಜೆಯ ದಿನ ಸರ್ವರ್‌ಗೂ ಕಾಯಿ ಒಡೆಸಿದರು. ಅದರ ನೆತ್ತಿಯ ಮೇಲೆ ವಿಭೂತಿ ಎಳೆದರು. ಅರಿಷಿಣ ಕುಂಕುಮದ ತಟ್ಟೆ ಹಿಡಿದು ನಿಂತವಳು ನಾನು. ಸ್ವಿಚ್ ಹಾಕಿದವಳು ಅವಳು. ಸಾಹೇಬರು ಎಲ್ಲರೆದುರು ಅಪ್ಪಣೆ ಕೊಡಿಸಿದರು, "ಇನ್ನಮ್ಯಾಲೆ ಈ ಮಷೀನ ವಾಸಂತಿ ಬಿಟ್ಟು ಯಾರೂ ಚಾಲೂ ಮಾಡಬ್ಯಾಡ್ರಿ. ಸುವರ್ಣಾ, ನೀ ಕಿಟಕಿ ನೋಡ್ಕೋ."

ಕಿಟಕಿಯೆಂದರೆ ಚೀಟಿ ಕೊಡುವ ಕಿಟಕಿ. ಸರ್ವರ್ ಸಾಕಿದವಳು ಕಿಟಕಿಗೆ ಬಂದೆ.

ಆ ಹಂಗಾಮಿನ ಚಳಿಗಾಲ ನೆನೆದರೆ ನನಗೆ ನೆನಪಾಗುವುದೆಲ್ಲ ಹೊಟ್ಟೆಕಿಚ್ಚಿನ ಸಂಗತಿಗಳೇ. ಮುಂಜಾವಿನ ಮಂಜಿನಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದಾಗ, ಕರೆಂಟು ಕೈಕೊಟ್ಟಿದ್ದರೆ ಕಾರ್ಖಾನೆಯ ಜೀಪು ನನ್ನ ಪಕ್ಕದಲ್ಲೇ ಧೂಳೆಬ್ಬಿಸಿ ಹೋಗುತ್ತಿತ್ತು. ಒಳಗೆ ವಾಸಂತಿ. ಅವಳು ಮುಧೋಳದಲ್ಲಿ ಸೋದರಮಾವನ ಮನೆಯಲ್ಲಿರುತ್ತಿದ್ದಳು, ಕರೆತರಲು ಜೀಪು. "ಅಕ್ಕಾರನ್ನ ಹತ್ತಿಸ್ಕೊಳ್ರಿ" ಎಂದು ಅವಳೇ ಡ್ರೈವರ್‌ಗೆ ಹೇಳಿ ನಿಲ್ಲಿಸುವಳು. ನಾನು ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿ ನಡೆಯುತ್ತಿದ್ದೆ. ಅವಳಿಗೆ ಚಹಾ ಕಪ್ಪುಬಸಿಯಲ್ಲಿ, ನನಗೆ ಗಾಜಿನ ಗ್ಲಾಸಿನಲ್ಲಿ. ಅವಳು ದಿನಕ್ಕೊಂದು ಸೀರೆ ಉಡುತ್ತಿದ್ದಳು, ಎಲ್ಲವೂ ಅವರ ಮನೆಯ ಮಗ್ಗದವೇ. ನಾನು ದುಡ್ಡು ಕೊಟ್ಟು ಕೊಂಡ ಸೀರೆಗಳು ಅವುಗಳೆದುರು ಮಂಕಾಗಿ ಕಾಣುತ್ತಿದ್ದವು. ಅವಳ ಟೈಪಿಂಗ್ ನನ್ನದಕ್ಕಿಂತ ನಿಧಾನ, ಆದರೆ ಕೀಲಿಮಣೆಯ ಸದ್ದೇ ಕೇಳಿಸುತ್ತಿರಲಿಲ್ಲ. ನಾನು ಟೈಪ್ ಮಾಡಿದರೆ ಶೇಂಗಾ ಒಡೆದ ಹಾಗೆ ಕೇಳುತ್ತದೆ ಎಂದು ಕಾಟಾದವರು ನಗುತ್ತಿದ್ದರು.

ಕಿಟಕಿಗೆ ಬರುವ ರೈತರೂ ನನ್ನನ್ನು ಬಿಡಲಿಲ್ಲ. ರನ್ನ ಬೆಳಗಲಿಯ ಮಲ್ಲಪ್ಪಜ್ಜ ಎಂಬ ರೈತ ಕಿಟಕಿಯಲ್ಲಿ ತಲೆ ತೂರಿಸಿ ನನ್ನನ್ನು ದಾಟಿ ಒಳಗೆ ಇಣುಕುವನು.

"ರಬಕವಿ ಹುಡಿಗಿ ಬಂದಾಳೇನವಾ?"

"ಯಾಕ ಅಜ್ಜಾ, ಚೀಟಿ ಕೊಡಾಕಿ ನಾ ಇಲ್ಲೇ ಕುಂತೇನಲ್ಲ?"

"ನೀ ಕೊಡ್ತಿ ಖರೆ. ಆಕಿ ಬಂದಿದ್ರ ಮಷೀನ ನಡೀತೈತಿ, ಮಷೀನ ನಡದ್ರ ನನ್ನ ಪಾಳಿ ಬರತೈತಿ. ಅದಕ್ಕ ಕೇಳಿದೆ."

ಹಳೆಯ ಹಂಗಾಮಿನಲ್ಲಿ ಮಷೀನು ತಾನಾಗಿಯೇ ನಡೆಯುತ್ತಿದ್ದಾಗ ಅಜ್ಜ ನನ್ನ ಹೆಸರೂ ಕೇಳಿರಲಿಲ್ಲ. ಈಗ ಕರೆಂಟು ಹೋದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು, ವಾಸಂತಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಏನೋ ಮಾಡುತ್ತಿದ್ದಳು, ಮತ್ತೆ ಎಲ್ಲ ಶುರುವಾಗುತ್ತಿತ್ತು. ಜನರಿಗೆ ಅದು ಕಾಣುತ್ತಿತ್ತು. ತಾನೇ ಏಳುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವಳು, "ಹೊಸಾ ಕಾರ್ಡ್ ಭಾಳ ನಾಜೂಕ ಐತ್ರಿ ಅಕ್ಕಾರ" ಎಂದು ಬೇರೆ ಕಡೆ ನೋಡಿದ್ದಳು. ಆ ಕಾರ್ಡು ನಾನು ಕಂಡಿರಲಿಲ್ಲ. ಇದ್ದರೂ ಇರಬಹುದು ಎಂದುಕೊಂಡೆ. ಆದರೆ ಖಾಯಂ ಕೆಲಸ ಅವಳ ಕಡೆ ಜಾರುತ್ತಿರುವುದು ಮಾತ್ರ ಪ್ರತಿ ಸಲ ಕರೆಂಟು ಹೋದಾಗಲೂ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ವೈನಿ ಆಗಲೇ ಕೇಳಲು ಶುರು ಮಾಡಿದ್ದಳು, ಖಾಯಂ ಆದ ಮೇಲೆ ಓಣಿಗೆ ಪೇಢೆ ಹಂಚುವುದೋ ಬೂಂದಿಯೋ ಎಂದು.

ಸಂಕ್ರಾಂತಿ ಮುಗಿದ ಮೇಲೊಂದು ದಿನ ವಾಸಂತಿ ರಜೆ ಹಾಕಿ ರಬಕವಿಗೆ ಹೋದಳು. ಅವಳ ತಂಗಿಯ ನಿಶ್ಚಯ. ಅವಳು ಹೋದ ದಿನವೇ ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಚಾಲೂ ಆಯಿತು, ಬಾಯ್ಲರ್, ಗಾಣ ಎಲ್ಲ ನಡೆಯುತ್ತಿದ್ದವು, ಸರ್ವರ್ ಮಾತ್ರ ಕಪ್ಪು ಪರದೆಯಲ್ಲಿ ಗೆರೆ ಮಿಣುಕಿಸುತ್ತ ನಿಂತಿತ್ತು. ಸಾಹೇಬರು ರಬಕವಿಗೆ ಫೋನು ಹಚ್ಚಿದರು. ವಾಸಂತಿಯ ಓಣಿಯ ಫೋನು ಸತ್ತಿತ್ತು.

"ಜೀಪ್ ತಗೊಂಡು ಹೋಗು. ಇದ್ದ ಪರಿಸ್ಥಿತಿಯೊಳಗ ಕರ್ಕೊಂಡು ಬಾ" ಎಂದು ಡ್ರೈವರ್‌ನನ್ನು ಓಡಿಸಿದರು.

ನಾನು ಎದುರಿಗೇ ನಿಂತಿದ್ದೆ. "ನಾ ನೋಡ್ಲೇನ್ರಿ ಸಾಹೇಬ್ರ?"

"ಬ್ಯಾಡವಾ. ಸುಮ್ಮನ ಯಾಕ ಕೈ ಹಚ್ಚೂದು? ಆಕಿ ಬರಲಿ."

ಹೊರಗೆ ಗಾಡಿಗಳು ಗೇಟು ದಾಟಿ ಡಾಂಬರು ರಸ್ತೆಗೆ ಹೋಗಿ ನಿಂತಿದ್ದವು. ಕಬ್ಬು ಬಿಸಿಲಿಗೆ ಒಣಗಿದರೆ ತೂಕ ಇಳಿಯುತ್ತದೆ, ಇಳಿದ ತೂಕ ರೈತನ ತಲೆಗೆ. ಕಿಟಕಿಗೆ ಜನ ಮುಗಿಬಿದ್ದರು. ಮಲ್ಲಪ್ಪಜ್ಜನಂತೂ ಸರಳುಗಳನ್ನು ಹಿಡಿದು ಅಲುಗಾಡಿಸುತ್ತ, "ಇಷ್ಟ ಮಂದಿ ಕುಂತೀರಿ, ಒಂದ ಮಷೀನ ಎಬ್ಬಸಾಕ ಬರೂದಿಲ್ಲೇನ್ರಲೇ?" ಎಂದು ಕೂಗಿದ. ಅವನು ನೋಡಿದ್ದು ನನ್ನನ್ನೇ. ಸಾಹೇಬರು ಗೇಟಿನ ಕಡೆ ರೈತರನ್ನು ಸಮಾಧಾನಿಸಲು ಹೋದರು. ನಾನು ಮೂಲೆಯ ಕೋಣೆಗೆ ಹೋಗಿ ನನ್ನ ಹಳೆಯ ಕುರ್ಚಿಯಲ್ಲಿ ಕೂತೆ.

ಮೊದಲು ನೋಡಿದ್ದು, ಮಷೀನು ಏಳುವಾಗ ಓದುವ ಆ ಫೈಲು. ತೆರೆದು ನೋಡಿದರೆ ಡ್ರೈವರ್‌ನ ಸಾಲೇ ಇಲ್ಲ! ಕಾರ್ಡಿನ ನಾಜೂಕೂ ಇಲ್ಲ, ಮಣ್ಣೂ ಇಲ್ಲ. ಬರೆಯಬೇಕಾದ ಒಂದು ಸಾಲು ಬರೆದಿರಲಿಲ್ಲ, ಅಷ್ಟೇ. ಪ್ರತಿ ಸಲ ಬಾಗಿಲು ಮುಂದೆ ಮಾಡಿಕೊಂಡು ಅವಳು ಕೈಯಿಂದ ಟೈಪ್ ಮಾಡುತ್ತಿದ್ದಳು. ಜನ ಅದನ್ನು ಕೈಗುಣ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು, ಅದರ ಜೊತೆಗೆ ಒಂದು ರೀತಿಯ ಖುಷಿಯೂ ಆಯಿತು. ಕಳ್ಳಿ ಸಿಕ್ಕಿಬಿದ್ದಳು ಎಂಬ ಖುಷಿ.

ಡ್ರೈವರ್‌ನ ಹೆಸರು ಡಿಸ್ಕಿನ ಡಬ್ಬಿಯ ಮೇಲಿತ್ತು. ವಿಳಾಸ ಎಲ್ಲ ಕಾರ್ಡಿಗೂ ಸಾಮಾನ್ಯವಾಗಿ ಇರುವುದೇ ಹಾಕಿದೆ. ನಂಬರು ನನಗೆ ರೂಢಿಯಿದ್ದ ಹಳೆಯದನ್ನೇ ಕೊಟ್ಟೆ. ಡಿಸ್ಕ್ ಸಿಗಲಿಲ್ಲ. ಇನ್ನೊಂದು ಕೊಟ್ಟೆ. ಮಷೀನು ಕಲ್ಲಾಗಿ ಕೂತಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಊಹೆ ಸಾಕೆಂದು ಮಷೀನು ಆರಿಸಿ, ಮುಚ್ಚಳದ ಸ್ಕ್ರೂ ಬಿಚ್ಚಿ, ಬ್ಯಾಟರಿ ಹಿಡಿದು ಒಳಗೆ ನೋಡಿದೆ. ಬಗಾಸಿನ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ ಸಣ್ಣ ಪುಡಿ ಎಲ್ಲೆಲ್ಲೂ ಕೂತಿತ್ತು, ಉಫ್ ಎಂದು ಊದಿದೆ. ಹೊಸ ಕಾರ್ಡಿನ ಅಂಚಿನಲ್ಲಿ ನಂಬರುಗಳು ಅಚ್ಚಾಗಿದ್ದವು, ಟೊಪ್ಪಿಗೆ ಯಾವ ನಂಬರಿನ ಮೇಲಿದೆ ಎಂಬುದು ಸ್ಪಷ್ಟವಾಗಿ ಕಂಡಿತು. ಮುಚ್ಚಳ ಹಾಕಿ, ಸಾಲು ಟೈಪ್ ಮಾಡಿ, ಒತ್ತಿದೆ.

ಡಿಸ್ಕು ಸುಳುಸುಳು ಸದ್ದು ಮಾಡಿತು. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದವು. ಅದೇ ಹೊತ್ತಿಗೆ ಹೊರಗೆ ಜೀಪಿನ ಹಾರ್ನು.

ಗೇಟಿನಲ್ಲಿ ಜೀಪು, ಇಲ್ಲಿ ಸರ್ವರ್. ವಾಸಂತಿ ಗೇಟಿನೊಳಗೆ ಕಾಲಿಡುವುದಕ್ಕೂ ತೂಕದ ಕಾಟಾದವರು "ಬಂತು, ಬಂತು" ಎಂದು ಕೂಗುವುದಕ್ಕೂ ಸರಿಹೋಯಿತು. ಅವಳು ನಿಶ್ಚಯದ ಜರಿ ಸೀರೆಯಲ್ಲಿ, ಮುಡಿ ತುಂಬ ಸೇವಂತಿಗೆ ಮುಡಿದು, ಕೈಯಲ್ಲಿ ಕರದಂಟಿನ ಡಬ್ಬಿ ಹಿಡಿದು ಇಳಿದಳು. ಸಾಹೇಬರು ಎರಡೂ ಕೈ ಮೇಲೆತ್ತಿದರು.

"ನೋಡ್ರಿ, ನೋಡ್ರಿ! ಆಕಿ ಜೀಪ್ ಗೇಟಿನೊಳಗ ಬಂತು, ಇಕಾ ಮಷೀನ ಎದ್ದತು! ಮುಟ್ಟೂದೂ ಬ್ಯಾಡಾತು! ಇದಕ್ಕೇನಂತೀರಿ?"

ರೈತರು ತಲೆದೂಗಿದರು. ಮಲ್ಲಪ್ಪಜ್ಜ ಅವಳಿಗೆ ಕೈಮುಗಿದ. ನಾನು ಕೋಣೆಯ ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ, ಮುಖದ ತುಂಬ ಬಗಾಸಿನ ಪುಡಿ. ಒಬ್ಬರಾದರೂ ನನ್ನ ಕೈ ನೋಡಲಿಲ್ಲ. ನಾನು ಬಾಯಿಬಿಟ್ಟು ಹೇಳಿದ್ದರೂ ಆ ಗದ್ದಲದಲ್ಲಿ ಯಾರು ನಂಬುತ್ತಿದ್ದರು? ವಾಸಂತಿ ಮಾತ್ರ ನನ್ನ ಮುಖ ನೋಡಿ, ಪರದೆ ನೋಡಿ, ಡಬ್ಬಿ ತೆರೆದು ಕರದಂಟು ಮುಂದೆ ಹಿಡಿದಳು. "ತಗೋರಿ ಅಕ್ಕಾರ, ಬಾಯಿ ಸಿಹಿ ಮಾಡ್ಕೋರಿ." ನಾನು ಹಲ್ಲುನೋವೆಂದೆ.

ಅವಳು ಮತ್ತೆ ಜೀಪು ಹತ್ತಿ ನಿಶ್ಚಯದ ಮನೆಗೆ ಹೋದಳು. ನಾನು ಕುರ್ಚಿಗೆ ಮರಳಿ, ಆ ಫೈಲು ತೆರೆದು, ಇರಬೇಕಾದ ಜಾಗದಲ್ಲಿ ಇರಬೇಕಾದ ಸಾಲು ಬರೆದು ಉಳಿಸಿದೆ. ಸರ್ವರ್ ಗೊತ್ತಿರುವ ಯಾರನ್ನೇ ಕೇಳಿ, ಅದೇ ಸರಿ ಎನ್ನುತ್ತಾರೆ. ಇವತ್ತಿಗೂ ನಾನು ಹಾಗೇ ಬರೆಯುತ್ತೇನೆ.

ಎರಡು ದಿನ ಕರೆಂಟು ಹೋಗಲೇ ಇಲ್ಲ. ನಾನು ಕರೆಂಟು ಹೋಗಲೆಂದು ದೇವರಿಗೆ ಬೇಡಿಕೊಂಡ ಒಂದೇ ಸಂದರ್ಭ ಅದು. ಕೊನೆಗೂ ಹೋಯಿತು, ಅದೂ ಸಾಹೇಬರು ಆಫೀಸಿನಲ್ಲೇ ಇದ್ದಾಗ. ವಾಸಂತಿ ಕಾಟಾದವರಿಗೆ ಏನೋ ಹೇಳಲು ಹೋದವಳು ಓಡಿ ಬರುವುದರೊಳಗೆ ಸರ್ವರ್ ತಾನಾಗಿಯೇ ಡಿಸ್ಕು ಹಿಡಿದು, ನೆಟ್‌ವರ್ಕ್ ಹಿಡಿದು, ಎದ್ದು ಕೂತಿತ್ತು. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಇದೇನಿದು? ಯಾರ ಮುಟ್ಟಿದ್ರು?"

"ಯಾರೂ ಮುಟ್ಟಿಲ್ರಿ" ಅಂದೆ ನಾನು. "ಡ್ರೈವರ್ ಸಾಲು ಫೈಲಿನ್ಯಾಗ ನಾ ಬರದೇನ್ರಿ. ಇನ್ನ ಯಾರ ಕೈನೂ ಬ್ಯಾಡ, ತಾನ ಏಳತೈತಿ."

ಸಾಹೇಬರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಲಾ ಇವಳ! ಶಾಣ್ಯಾಕಿ ಅದಿ ಬಿಡು" ಅಂದರು. ಅವತ್ತು ನನಗೂ ಕಪ್ಪುಬಸಿಯಲ್ಲಿ ಚಹಾ ಬಂತು. ವಾಸಂತಿ ಬಾಗಿಲಲ್ಲಿ ನಿಂತು ಪರದೆಯನ್ನೂ ನನ್ನನ್ನೂ ನೋಡಿದಳು. ಸಿಟ್ಟು ಮಾಡಲಿಲ್ಲ. ಮುಖ ಸಪ್ಪೆ ಮಾಡಿಕೊಂಡು ಹೊರಗೆ ಹೋದಳು. ಸೋತವರ ಮುಖ ಹಾಗೇ ಇರುತ್ತದೆ ಎಂದುಕೊಂಡೆ. ಮನೆಗೆ ಹೋಗಿ ವೈನಿಗೆ ಪೇಢೆಯೇ ಆಗಲಿ ಎಂದೆ.

ಅಲ್ಲಿಂದ ಮುಂದೆ ಯಾರೂ ಜೀಪು ಕಳಿಸಲಿಲ್ಲ, ಸರ್ವರ್‌ನ ಮಾತೇ ಯಾರೂ ಎತ್ತಲಿಲ್ಲ. ಕೋಣೆಯಲ್ಲಿ ಕೆಲಸವಿಲ್ಲವೆಂದು ವಾಸಂತಿ ಬಂದು ಕಿಟಕಿಯಲ್ಲಿ ನನ್ನ ಪಕ್ಕ ಕೂಡತೊಡಗಿದಳು. ಅವಳು ಬಂದ ಮೇಲೆ ಚೀಟಿಯ ಸಾಲು ಬೇಗ ಕರಗುತ್ತಿತ್ತು. ಮಲ್ಲಪ್ಪಜ್ಜ ಚೀಟಿಯನ್ನು ಅವಳ ಕೈಯಿಂದಲೇ ಇಸಿದುಕೊಳ್ಳುತ್ತಿದ್ದ. ಇರಲಿ, ಖಾಯಂ ಹುಕುಂ ಬರಲಿ, ಆಮೇಲೆ ನೋಡೋಣ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ಕಬ್ಬು ಮುಗಿಯುತ್ತ ಬಂತು. ಬಿಸಿಲು ಏರಿತು, ಗೇಟಿನೆದುರು ಗಾಡಿಗಳು ವಿರಳವಾದವು, ಗಾಣದ ಸದ್ದು ದಿನಕ್ಕೊಂದಿಷ್ಟು ನಿಂತು ನಿಂತು ನಡೆಯತೊಡಗಿತು. ಕೊನೆಯ ವಾರ ಸಾಹೇಬರು ನನ್ನನ್ನು ಕರೆದರು. ನಾನು ಮುಖ ತೊಳೆದುಕೊಂಡು ಹೋದೆ.

"ಸುವರ್ಣಾ, ಛಲೋ ಕೆಲಸ ಮಾಡಿದಿ. ಮಷೀನ ತಾನ ಏಳೂ ಹಂಗ ಮಾಡಿದಿ. ಇನ್ನ ಅದರ ಮುಂದ ಒಬ್ರು ಕಾಯ್ಕೋಂತ ಕುಂಡ್ರೂದು ಬ್ಯಾಡಾತು" ಅಂದರು. "ವಾಸಂತಿ ಕಿಟಕಿನೂ ನೋಡ್ತಾಳ, ಮಷೀನೂ ನೋಡ್ತಾಳ. ಆಕೀನ್ನ ಖಾಯಂ ಮಾಡಾಕತ್ತೀವಿ. ಕೈಗುಣನೂ ಐತಿ ಆಕಿದು. ಇಬ್ರು ಯಾಕ, ನೀನ ಹೇಳು?"

"ಮುಂದಿನ ಹಂಗಾಮಕ್ಕ ನಾನು?" ಎಂದೆ.

"ಬೇಕಾದ್ರ ಹೇಳಿ ಕಳಸ್ತೀವಿ" ಅಂದರು. ಹೇಳಿ ಕಳಿಸುತ್ತೇವೆ ಎಂದರೆ ಏನರ್ಥವೆಂಬುದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು.

ಕೊನೆಯ ದಿನ ನಾನು ಯಾರಿಗೂ ಹೇಳದೆ ರಸ್ತೆಗೆ ಬಂದು ಬಸ್ಸಿಗೆ ನಿಂತಿದ್ದೆ. ವಾಸಂತಿ ಏದುಸಿರು ಬಿಡುತ್ತ ಓಡಿ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಗೆದ್ದವಳು ಅಳುವುದನ್ನೂ ನಾನು ಸಹಿಸಬೇಕಾಯಿತು.

"ಅಕ್ಕಾರ, ಒಂದ ಮಾತು ಹೇಳಬೇಕಾಗಿತ್ತು. ಆ ಸಾಲು ನಾ ಮೊದಲನೇ ದಿನಾನ ಬರದಿದ್ದೆ."

"ಸುಳ್ಳ ಹೇಳಬ್ಯಾಡ. ನಾ ನೋಡೇನಿ, ಇರಲಿಲ್ಲ."

"ಬರದಿದ್ದೇರಿ. ತಾನ ಎದ್ದದ್ದು ನೋಡಿ ಹುಬ್ಬಳ್ಳಿಯವರು ಸಾಹೇಬ್ರಿಗೆ ಅಂದ್ರು, ಇನ್ನ ಇದಕ್ಕ ಯಾರೂ ಬ್ಯಾಡ, ಆಫೀಸಿಗೆ ಒಬ್ಬಾಕಿ ಹುಡಿಗಿ ಸಾಕು ಅಂತ. ಸಾಹೇಬ್ರು, ಹಂಗಾದ್ರ ಮಿರಜಕ್ಕ ಹೋದಾಕಿಗೆ ಬರಬ್ಯಾಡ ಅಂತ ಹೇಳಿಬಿಡೂಣು ಅಂದ್ರು. ಮರುದಿನ ಮುಂಜಾನೆ ಬಂದು ಅಳಿಸಿಬಿಟ್ಟೆ. ಎಂಜಿನಿಯರು ಹೋದಮ್ಯಾಲೆ ಮತ್ತ ಕೆಟ್ಟೈತಿ, ಪ್ರತಿ ಸಲ ಕೈಲೆ ಎಬ್ಬಿಸಬೇಕು ಅಂದೆ."

"ಯಾಕ?" ಎಂದೆ. "ನಿನಗ ನಾ ಯಾರು? ಆಗ ನೀ ನನ್ನ ಕಂಡೂ ಇರಲಿಲ್ಲ."

"ಇಲ್ರಿ" ಅಂದಳು. "ಅವ್ವನ ಕಣ್ಣ ತೋರಸಾಕ ಹೋದಾಕಿ, ಬರೂದ್ರಾಗ ಕೆಲಸ ಹೋಗಿರಬಾರದು ಅನಿಸ್ತು. ಅಷ್ಟರಿ."

"ಮತ್ತ ನನಗ ಯಾಕ ಹೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು. "ನಿಮ್ಮ ಸಿಟ್ಟಿಗೆ ಅಂಜಿದ್ನಿರಿ. ದಿನಾ ಹೇಳಬೇಕು ಅಂತ ಬರ್ತಿದ್ದೆ, ನೀವು ಮಾರಿ ತಿರುವತಿದ್ರಿ."

ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಕೈ ಎತ್ತಿದ್ದು ಕಾಣಿಸಿತು, ನಾನು ಎತ್ತಲಿಲ್ಲ. ಕೆಲಸ ಹೋದದ್ದಕ್ಕೆ ಜಮಖಂಡಿ ಮುಟ್ಟುವವರೆಗೆ ಅಳುತ್ತೇನೆ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಅವಳ ಸೀರೆ, ಅವಳ ಹೆಸರು, ಅವಳ ಖಾಯಂ ಎಲ್ಲವನ್ನೂ ನಾನು ಹೇಗೋ ತಾಳಿಕೊಂಡೆ, ವರ್ಷಗಳು ಕಳೆದ ಹಾಗೆ ಕೆಲವು ಮರೆತೂ ಹೋದವು. ತಾಳಿಕೊಳ್ಳಲು ಆಗದೆ ಉಳಿದದ್ದು ಒಂದೇ. ನನ್ನ ಮುಖವನ್ನೂ ನೋಡದೆ ನನಗೆ ಅಷ್ಟು ಒಳ್ಳೆಯದು ಮಾಡು ಎಂದು ಅವಳಿಗೆ ಯಾರು ಹೇಳಿದ್ದರು?